ಬ್ರೇಕ್ ಒತ್ತಿದರೆ ಹಿಂಬಾಗಿಲು

ಊರಿನಲ್ಲಿ ಸತ್ತವರನ್ನು ಸಾಗಿಸುವ ಕರಿ ಕಾರು ಇದ್ದದ್ದು ಒಂದೇ. ಅದನ್ನು ಓಡಿಸುವವನನ್ನು ಎಲ್ಲರೂ ‘ಮೆಲ್ಲಗೆ’ ಎಂದು ಕರೆಯುತ್ತಿದ್ದರು. ಪೆಟ್ಟಿಗೆ ಎತ್ತಲು ಬಂದವರಿಗೆ ಅವನು ಹೇಳುತ್ತಿದ್ದ ಮಾತು ಅದೊಂದೇ ಆದ್ದರಿಂದ ಕೊನೆಗೆ ಅದೇ ಹೆಸರಾಗಿ ನಿಂತುಬಿಟ್ಟಿತು. ಹತ್ತೊಂಬತ್ತು ವರ್ಷಗಳಲ್ಲಿ ಅವನು ಗಂಟೆಗೆ ಇಪ್ಪತ್ತು ಕಿಲೋಮೀಟರ್ ದಾಟಿದವನಲ್ಲ. ಅವನ ಹಿಂದೆ ಸಿಕ್ಕಿಬಿದ್ದ ಬಸ್ ಡ್ರೈವರುಗಳು ಬೈಯಲು ಬಾಯಿ ತೆರೆದು, ಮುಂದೆ ಹೋಗುತ್ತಿರುವುದು ಸಾವು ಎಂದು ನೆನಪಾಗಿ ಮುಚ್ಚಿಕೊಳ್ಳುತ್ತಿದ್ದರು. ಖಾಲಿ ಕಾರನ್ನೂ ಅವನು ಹಾಗೇ ಓಡಿಸುತ್ತಾನೆ ಎಂಬುದು ಪಾಪ, ಅವರಿಗೆ ಗೊತ್ತಿರಲಿಲ್ಲ.

ಮನೆಯಲ್ಲಿ ಮೂರು ಜನ: ಅವನು, ಅವನ ಹೆಂಡತಿ, ಹೆಂಡತಿಯ ತಾಯಿ. ಹೆಂಡತಿ ಮುಂದಿನ ಕೋಣೆಯ ಫೋನಿನ ಪಕ್ಕ ಕುಳಿತು ಕಾರು ಬೇಕೆನ್ನುವವರ ಕರೆ ತೆಗೆದುಕೊಳ್ಳುತ್ತಿದ್ದಳು. ಅವಳ ದನಿ ಎಷ್ಟು ಮೆತ್ತಗಿತ್ತೆಂದರೆ, ಅತ್ತುಕೊಂಡು ಫೋನು ಮಾಡಿದವರು ಅವಳನ್ನೇ ಸಮಾಧಾನ ಮಾಡಿ ಫೋನು ಇಡುತ್ತಿದ್ದರು. ಅತ್ತೆ ಮಾತ್ರ ಬೇರೆಯೇ ಲೋಹದಲ್ಲಿ ಎರಕ ಹೊಯ್ದ ಹೆಂಗಸು. ಮೂವತ್ತನಾಲ್ಕು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕಿವಿಗೆ ಹೆಡ್‌ಫೋನು ಸಿಕ್ಕಿಸಿಕೊಂಡು ಕೆಟ್ಟ ಲೈನುಗಳ ದೋಷ ಹುಡುಕಿದವಳು. ಕುಳಿತಲ್ಲಿಂದಲೇ “ಮೂರನೇ ಕಂಬದ ಹತ್ತಿರ ನೀರು ಇಳಿದಿದೆ” ಎಂದೋ “ಅವರ ಮನೆ ಬೆಕ್ಕು ವೈರು ಕಡಿದಿದೆ” ಎಂದೋ ಹೇಳುತ್ತಿದ್ದಳು. ಲೈನ್‌ಮ್ಯಾನ್ ಹೋಗಿ ನೋಡಿದರೆ ನೀರೂ ಇರುತ್ತಿತ್ತು, ಬೆಕ್ಕೂ ಇರುತ್ತಿತ್ತು. ಆಮೇಲೆ ಆ ದೊಡ್ಡ ಎಕ್ಸ್‌ಚೇಂಜು ಬೀರುವಿನಷ್ಟು ಡಬ್ಬಿಯಾಯಿತು, ಕಟ್ಟಡಕ್ಕೆ ಸೋಫಾ ಅಂಗಡಿ ಬಂತು, ಅತ್ತೆ ಮನೆಗೆ ಬಂದಳು. ತಪ್ಪು ಹುಡುಕಿ ಪಳಗಿದ ಕಿವಿಗೆ ಬೇರೇನೂ ಸಿಗದೆ ಅಳಿಯ ಸಿಕ್ಕಿದ.

ಅಳಿಯನ ಉದ್ಯೋಗ ಅವಳಿಗೆ ಮೊದಲಿಂದಲೂ ಹಿಡಿಸಿರಲಿಲ್ಲ. ಹುಡುಗ ಡ್ರೈವರ್ ಎಂದಾಗ ಒಪ್ಪಿಕೊಂಡಿದ್ದಳು. ಯಾರ ಡ್ರೈವರ್ ಎಂದು ಕೇಳಿದಾಗ ಎಲ್ಲರೂ ನೆಲ ನೋಡಿದ್ದು ಅವಳಿಗೆ ಇನ್ನೂ ನೆನಪಿತ್ತು. ನಾಲ್ಕು ವರ್ಷದ ಹಿಂದೆ ಅವಳ ಗಂಡ ಹೋದದ್ದೂ ಅದೇ ಕಾರಿನಲ್ಲೇ. ಅಂದಿನಿಂದ ಬಾಗಿಲಲ್ಲಿ ಕಾರು ನಿಂತಿದ್ದರೆ ಅವಳು ರಸ್ತೆ ದಾಟಿ ಆಚೆ ಬದಿಯಿಂದ ಸುತ್ತಿ ಬರುತ್ತಿದ್ದಳು. ಒಮ್ಮೆ ಜಡಿಮಳೆಯಲ್ಲಿ ಮಾರುಕಟ್ಟೆಯ ಹತ್ತಿರ ಅಳಿಯ ಕಾರು ನಿಲ್ಲಿಸಿ ಹತ್ತಿ ಎಂದಾಗ, “ಅದಕ್ಕೆ ನಾನು ಹತ್ತೋದು ಒಂದೇ ಸಲ. ಆಗ ನೀವು ಕರೆಯೋ ಕಷ್ಟ ಇರಲ್ಲ” ಎಂದು ಕೊಡೆ ಬಿಚ್ಚಿ ನಡೆದುಹೋಗಿದ್ದಳು.

ಈ ಕಾರನ್ನು ವರ್ಷದ ಮಾಮೂಲಿ ಸರ್ವಿಸಿಗೆ ಬಿಟ್ಟಿದ್ದು ಒಂದು ಶುಕ್ರವಾರ. ಸೋಮವಾರ ತರಲು ಹೋದಾಗ ಸರ್ವಿಸ್ ಸೆಂಟರಿನ ಕೌಂಟರಿನಲ್ಲಿದ್ದ ಟೈ ಕಟ್ಟಿದ ಮನುಷ್ಯ ನಲವತ್ತು ಹಸಿರು ಟಿಕ್ಕುಗಳಿದ್ದ ಹಾಳೆ ಕೊಟ್ಟ. ಆಯಿಲ್ ಬದಲಿ, ಫಿಲ್ಟರ್ ಬದಲಿ, ಬ್ರೇಕ್ ಪ್ಯಾಡ್ ಬದಲಿ, ಹಿಂದಿನ ಹಲಗೆ ಬಿಚ್ಚಿ ಅಡಿಯ ಬೋಲ್ಟುಗಳ ಪರೀಕ್ಷೆ.

“ಹೊಸ ಕಾರು ಥರ ಆಗಿದೆ ಸಾರ್. ಹಿಂದೆ ಕೂತೋರಿಗೆ ಗೊತ್ತಾಗುತ್ತೆ,” ಎಂದ.

“ಹಿಂದೆ ಕೂರಲ್ಲ,” ಎಂದ ಮೆಲ್ಲಗೆ.

ಮರುದಿನ ಬೆಳಿಗ್ಗೆ ಹೊರಟದ್ದು ಗಣಿತದ ಮೇಷ್ಟ್ರ ಮೆರವಣಿಗೆ. ಊರಿನ ಮುಕ್ಕಾಲು ಜನರ ಕಿವಿ ಹಿಂಡಿದ್ದ ಮನುಷ್ಯ. ಅದಕ್ಕೇ ಇರಬೇಕು, ಹೋದದ್ದು ಖಚಿತವೇ ಎಂದು ನೋಡಲು ತುಂಬ ಜನ ಬಂದಿದ್ದರು. ಕಾರಿನ ಹಿಂಭಾಗದ ಎರಡು ಬದಿಗೂ ಗಾಜು, ನಡುವೆ ಉದ್ದನೆಯ ಮರದ ಹಲಗೆ, ಅದರ ಮೇಲೆ ಪೆಟ್ಟಿಗೆ, ಮೇಲುಗಡೆ ಎರಡು ಮಂದ ದೀಪ. ಮೊದಲ ತಿರುವಿನಲ್ಲಿ ಮೆಲ್ಲಗೆ ಎಡಗಡೆಯ ಇಂಡಿಕೇಟರ್ ಹಾಕಿದ. ಒಳಗಿನ ಎರಡೂ ದೀಪಗಳು ಇಂಡಿಕೇಟರಿನ ಜೊತೆಗೆ ತಾಳ ಹಾಕಿ ಹತ್ತಿ ಆರತೊಡಗಿದವು. ಟಿಕ್ ಟಿಕ್ ಎಂದು ಹೊತ್ತುವ ಬೆಳಕಿನಲ್ಲಿ ಮೇಷ್ಟ್ರ ಪೆಟ್ಟಿಗೆ ಕುಣಿತದ ಕ್ಲಬ್ಬಿಗೆ ಹೊರಟಂತೆ ಕಂಡಿತು. ಮುಂದೆ ನೋಡುತ್ತಿದ್ದ ಮೆಲ್ಲಗೆಗೆ ಇದು ಗೊತ್ತಾಗಲಿಲ್ಲ. ಹಿಂದಿನವರು ಮೇಷ್ಟ್ರಿಗೆ ಹೆದರಿ ನಗು ನುಂಗಿದರು.

ಸ್ಮಶಾನದ ಗೇಟು ಬಂತು. ಮೆಲ್ಲಗೆ ಮೊಟ್ಟೆ ಮುಟ್ಟುವ ಹಾಗೆ ಬ್ರೇಕ್ ಒತ್ತಿದ. ಹಿಂಬಾಗಿಲಿನ ಬೀಗ ಟಕ್ ಎಂದಿತು. ಬಾಗಿಲು ದೊಡ್ಡ ಹೋಟೆಲಿನ ಕಾವಲುಗಾರನ ವಿನಯದಿಂದ ತಾನೇ ಮೇಲಕ್ಕೆ ಎದ್ದು ನಿಂತಿತು. ಪಟ್ಟಿ ಬಿಗಿದಿದ್ದರಿಂದ ಪೆಟ್ಟಿಗೆ ಒಂದು ಗೇಣಷ್ಟೇ ಹಿಂದೆ ಸರಿದು ಇಣುಕಿತು. ಮುಂದಿನ ಸಾಲಿನಲ್ಲಿದ್ದವರು ಮೂರು ಹೆಜ್ಜೆ ಹಿಂದೆ ಹಾರಿದರು. ಆಗ ಮೇಷ್ಟ್ರ ಹೆಂಡತಿ ಕರವಸ್ತ್ರದ ಹಿಂದಿನಿಂದ, “ಯಾವಾಗಲೂ ಹೀಗೇ. ಗಾಡಿ ಪೂರ್ತಿ ನಿಲ್ಲೋ ತನಕ ತಾಳ್ಮೆ ಇರಲ್ಲ,” ಎಂದರು. ತಡೆದಿಟ್ಟ ನಗುವೆಲ್ಲ ಅಲ್ಲಿ ಕಟ್ಟೆಯೊಡೆಯಿತು. ಮೇಷ್ಟ್ರನ್ನು ಅಷ್ಟು ಖುಷಿಯಿಂದ ಊರು ಯಾವತ್ತೂ ನೋಡಿರಲಿಲ್ಲ.

ನಗದವನು ಮೆಲ್ಲಗೆ ಒಬ್ಬನೇ. ಹತ್ತೊಂಬತ್ತು ವರ್ಷ ಕೂಡಿಟ್ಟ ಗಾಂಭೀರ್ಯ ಒಂದು ಟಕ್ಕಿಗೆ ಹರಾಜಾಗಿತ್ತು.

ದೀಪ ಕುಣಿದದ್ದನ್ನೂ ಜನರಿಂದ ಕೇಳಿ ತಿಳಿದು, ಅಲ್ಲಿಂದ ನೇರ ಸರ್ವಿಸ್ ಸೆಂಟರಿಗೆ ಹೋದ. ಅವರು ಕಾರಿಗೆ ಕಂಪ್ಯೂಟರ್ ಸಿಕ್ಕಿಸಿದರು. ಬ್ರೇಕ್ ಒತ್ತಿದರು, ಬಾಗಿಲು ಮಿಸುಕಲಿಲ್ಲ. ಇಂಡಿಕೇಟರ್ ಹಾಕಿದರು, ಒಳದೀಪ ಸಭ್ಯವಾಗಿ ಸುಮ್ಮನಿತ್ತು. ಟೈ ಮನುಷ್ಯ ಪರದೆ ತೋರಿಸಿದ. “ನೋಡಿ, ಒಂದೂ ಎರರ್ ಇಲ್ಲ.”

“ಬಾಗಿಲು ತೆಗೀತು. ಎಂಬತ್ತು ಜನ ನೋಡಿದಾರೆ.”

“ಅರ್ತ್ ಲೂಸ್ ಇದ್ದು ಆ ಕ್ಷಣಕ್ಕೆ ಕರೆಂಟ್ ‘ಬಾಡಿ’ಗೆ ಹೋಗಿರಬಹುದು ಸಾರ್.”

ಮೆಲ್ಲಗೆಯ ಮುಖ ಬಿಳಿಚಿತು. “ಮೇಷ್ಟ್ರಿಗೆ ಕರೆಂಟ್ ಹೊಡೀತಾ?”

“ಕಾರಿನ ‘ಬಾಡಿ’ಗೆ ಸಾರ್,” ಎಂದು ಟೈ ಮನುಷ್ಯ ನಿಟ್ಟುಸಿರಿಟ್ಟ. ಸಮಾಧಾನಕ್ಕೆಂದು ಹೊಸ ಬ್ಯಾಟರಿ ಹಾಕಿಸಿದ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗಾಯಿತು. ಬುಧವಾರ ಹೂವಿನಂಗಡಿಯವಳ ಅಜ್ಜಿಯನ್ನು ಕರೆದೊಯ್ಯುವಾಗ, ಹೊಸ ಬ್ಯಾಟರಿಯ ಹುರುಪಿಗೆ ಬಾಗಿಲು ಮೊದಲಿಗಿಂತ ಚುರುಕಾಗಿ ಎದ್ದಿತು. ಅಜ್ಜಿಯ ಮೇಲಿನ ಹೂವಿನ ದೊಡ್ಡ ಚಕ್ರ ಕೆಳಗುರುಳಿ, ಇಳಿಜಾರಿನಲ್ಲಿ ಸ್ವಂತ ದಾರಿ ಹಿಡಿದು, ಒಂದು ಕ್ಷೌರದಂಗಡಿಯೊಳಗೆ ಹೋಗಿ ನಿಂತಿತು. ಮತ್ತೆ ಸರ್ವಿಸ್ ಸೆಂಟರು, ಮತ್ತೆ ಪರದೆ, ಮತ್ತೆ ಏನೂ ಇಲ್ಲ. ಈ ಸಲ ಟೈ ಮನುಷ್ಯ ಅಡ್ಡಗೋಡೆಯ ಮೇಲೆ ದೀಪ ಇಟ್ಟ: “ನಿಮ್ಮ ಸೀಟಿನ ಪಕ್ಕದಲ್ಲೇ ಹಿಂಬಾಗಿಲಿನ ಬಟನ್ ಇದೆ. ವಯಸ್ಸಾಗ್ತಾ ಕೈ ಎಲ್ಲೋ ಹೋಗುತ್ತೆ. ತಪ್ಪು ಅಂತ ಹೇಳ್ತಿಲ್ಲ.”

ಅಂದು ಮೆಲ್ಲಗೆ ಊಟಕ್ಕೆ ಕುಳಿತವನು ತಟ್ಟೆಯನ್ನೇ ನೋಡುತ್ತಿದ್ದ. ಹೆಂಡತಿ ಹೇಳಿದಳು: “ನಿವೃತ್ತ ಜಡ್ಜ್ ಹೋಗ್ಬಿಟ್ರಂತೆ. ನಾಡಿದ್ದಿಗೆ ಕಾರು ಬೇಕಂತೆ. ಅವರ ಮಗ ಕೇಳ್ತಿದ್ರು, ಬಾಗಿಲು ಈಗ ಸರಿ ಇದೆಯಾ ಅಂತ.”

“ನೀನೇನಂದೆ?”

“ನಾನು ಅಳ್ತಿದೀನಿ ಅನ್ಕೊಂಡು ಅವರೇ ಸಮಾಧಾನ ಮಾಡಿದ್ರು.”

“ಪಕ್ಕದ ಊರಿನ ಕಾರು ಕರೆಸು,” ಎಂದ ಮೆಲ್ಲಗೆ. “ನಾನು ಇದನ್ನ ಬಿಡ್ತೀನಿ. ನನ್ನ ಕೈಯೇ ಇರಬಹುದು. ನಂಗೇ ಈಗ ನನ್ನ ಕೈ ಮೇಲೆ ನಂಬಿಕೆ ಇಲ್ಲ.”

ಅತ್ತೆ ಅಲ್ಲಿವರೆಗೆ ಒಂದು ಮಾತೂ ಆಡಿರಲಿಲ್ಲ. ಮಂಗಳವಾರದ ಸುದ್ದಿ ಕೇಳಿದಾಗ ಸೆರಗು ಬಾಯಿಗಿಟ್ಟು ಅಡುಗೆಮನೆಗೆ ಹೋಗಿ ನಕ್ಕು ಬಂದಿದ್ದಳು, ಅದು ಬೇರೆ. ಈಗ ಹರಿದ ಲಕೋಟೆಯೊಂದನ್ನು ತಿರುಗಿಸಿ, ಕಿವಿಯ ಹಿಂದಿದ್ದ ಪೆನ್ಸಿಲ್ ತೆಗೆದಳು. ಎಕ್ಸ್‌ಚೇಂಜು ಬಿಟ್ಟು ಹನ್ನೊಂದು ವರ್ಷವಾದರೂ ಪೆನ್ಸಿಲ್ ಕಿವಿ ಬಿಟ್ಟಿರಲಿಲ್ಲ.

“ಅಳಿಯಂದ್ರೇ, ಅಳೋದು ಆಮೇಲೆ. ಬಾಗಿಲು ಯಾವಾಗ ಯಾವಾಗ ತೆಗೀತು?”

“ಮೇಷ್ಟ್ರನ್ನ ಕರ್ಕೊಂಡು ಹೋಗುವಾಗ. ಗೇಟಿನ ಹತ್ರ.”

“ವಾಪಸ್ ಬರುವಾಗ?”

“ಇಲ್ಲ.”

“ಅಜ್ಜಿ?”

“ಎರಡು ಸಲ. ಬರುವಾಗ ಇಲ್ಲ.”

“ಸರ್ವಿಸ್‌ನೋರ ಹತ್ರ?”

“ಒಂದ್ಸಲಾನೂ ಇಲ್ಲ.”

ಅತ್ತೆ ಎರಡು ಸಾಲು ಗೀಚಿ ಲಕೋಟೆಯನ್ನು ಅವನ ಮುಂದೆ ತಳ್ಳಿದಳು. “ಜನ ಇದ್ರೆ ಕೆಡುತ್ತೆ. ಜನ ಇಳಿದ್ರೆ ಸರಿಹೋಗುತ್ತೆ. ಅವರು ಎರಡು ಸಲಾನೂ ಖಾಲಿ ಕಾರು ನೋಡಿ ಚೆನ್ನಾಗಿದೆ ಅಂದ್ರು. ಹಸಿವಿಲ್ಲದೋನ ಹೊಟ್ಟೆ ಮುಟ್ಟಿ ನೋಡಿ ಹಸಿವೇ ಇಲ್ಲ ಅಂದ ಹಾಗೆ. ಫ್ಯೂಸ್ ಹೋಯ್ತಾ?”

“ಇಲ್ಲ.”

“ಹಾಗಾದ್ರೆ ವೈರು ಕಬ್ಬಿಣಕ್ಕೆ ತಾಗ್ತಿಲ್ಲ. ವೈರಿಗೆ ವೈರು ತಾಗ್ತಿದೆ. ಬ್ರೇಕ್ ದೀಪಕ್ಕೆ ಹೋಗೋ ಕರೆಂಟು ದಾರಿ ತಪ್ಪಿ ಬಾಗಿಲಿನ ವೈರಿಗೆ ಹೋಗ್ತಿದೆ. ಭಾರ ಬಿದ್ದಾಗ ಏನೋ ಒಂದು ಕೆಳಗೆ ಒತ್ತುತ್ತೆ. ಎಲ್ಲಿ ಅಂತ ನೋಡಬೇಕು.” ಪೆನ್ಸಿಲನ್ನು ಮತ್ತೆ ಕಿವಿಗೆ ಸಿಕ್ಕಿಸಿಕೊಂಡಳು. “ನಿಮ್ಮ ಕೈಗೇನೂ ಆಗಿಲ್ಲ. ಊಟ ಮಾಡಿ.”

ಮೆಲ್ಲಗೆ ತಲೆಯೆತ್ತಿ ನೋಡಿದ. ಹದಿನೇಳು ವರ್ಷದಲ್ಲಿ ಅತ್ತೆಯ ಬಾಯಿಂದ ಅವನ ಯಾವ ಅಂಗಕ್ಕೂ ಒಳ್ಳೆಯ ಮಾತು ಬಂದಿರಲಿಲ್ಲ.

ಗುರುವಾರ ಬೆಳಿಗ್ಗೆ ಹತ್ತು ಗಂಟೆಗೆ ಅತ್ತೆ ಟ್ರಂಕಿನಿಂದ ತನ್ನ ಹಳೆಯ ಟೆಸ್ಟ್ ಲ್ಯಾಂಪ್ ತೆಗೆದಳು. ಅಂಗೈಯಷ್ಟುದ್ದದ ಹಿಡಿ, ತುದಿಯಲ್ಲಿ ಸೂಜಿ, ಹೊಟ್ಟೆಯಲ್ಲಿ ಪುಟ್ಟ ಬಲ್ಬು, ಬಾಲಕ್ಕೆ ಒಂದು ಕ್ಲಿಪ್ಪು. ಸೂಜಿ ಮುಟ್ಟಿದ ಕಡೆ ಕರೆಂಟಿದ್ದರೆ ಬಲ್ಬು ಹೊತ್ತುತ್ತದೆ, ಅಷ್ಟೇ. ಅದರ ಬಲ್ಬನ್ನು ಕಾರಿನ ಬ್ಯಾಟರಿಗೆ ತಕ್ಕಂತೆ ಬದಲಿಸಿ, ಕನ್ನಡಕವನ್ನು ದಾರ ಕಟ್ಟಿ ಕುತ್ತಿಗೆಗೆ ಹಾಕಿಕೊಂಡು ಹೊರಗೆ ಬಂದಳು. ಕಾರಿನ ಹಿಂದೆ ಕೆಲ ಹೊತ್ತು ಸುಮ್ಮನೆ ನಿಂತಳು. ಆಮೇಲೆ ಚಪ್ಪಲಿ ಬಿಟ್ಟು ಒಳಗೆ ಹತ್ತಿದಳು.

“ಅಮ್ಮ, ಅಕ್ಕಿ ಮೂಟೆ ಇಡಬಹುದಲ್ಲ,” ಎಂದಳು ಮಗಳು.

“ಮೂಟೆಗೆ ಕಣ್ಣಿದೆಯಾ?”

ನಿಂತ ಕಾರಿನಲ್ಲಿ ಏನೂ ಆಗಲಿಲ್ಲ. ಅವಳು ಪೆಟ್ಟಿಗೆಗಿಂತ ಹಗುರ, ಕುಲುಕಾಟ ಬೇಕಿತ್ತು. “ಹೊರಡಿ. ಓಡುವಾಗ ಬರೋ ದೋಷನ ನಿಲ್ಲಿಸಿ ಹುಡುಕಿದ್ರೆ ಧೂಳು ಸಿಗುತ್ತೆ. ಸರ್ವಿಸ್ ಸೆಂಟರ್ ಕಡೆಗೇ ಬಿಡಿ, ಗುಂಡಿ ಇರೋ ರಸ್ತೇಲಿ.” ಬಾಗಿಲಿನ ಬೀಗದ ವೈರಿಗೆ ಸೂಜಿ ಚುಚ್ಚಿ, ಕ್ಲಿಪ್ಪನ್ನು ಕಬ್ಬಿಣಕ್ಕೆ ಕಚ್ಚಿಸಿ, ಪೆಟ್ಟಿಗೆಗೆ ಬಿಗಿಯುವ ಪಟ್ಟಿಯನ್ನು ತನ್ನ ಸೊಂಟಕ್ಕೇ ಬಿಗಿದುಕೊಂಡು ಅಂಗಾತ ಮಲಗಿದಳು.

ಮೆಲ್ಲಗೆಗೆ ಏಕಾಏಕಿ ಏನು ಮಾಡಬೇಕೋ ತೋಚಲಿಲ್ಲ. ಈ ಕಾರಿನಲ್ಲಿ ಹಿಂದಿನಿಂದ ಯಾರೂ ಮಾತಾಡಿದ್ದಿಲ್ಲ.

“ಛಾವಣಿ ಬಟ್ಟೆ ಕಲೆಯಾಗಿದೆ,” ಎಂದಿತು ಹಿಂದಿನ ದನಿ.

“ಗೊತ್ತಿರಲಿಲ್ಲ ಅತ್ತೆ. ಯಾರೂ ಹೇಳಿಲ್ಲ.”

ಗುಂಡಿ ರಸ್ತೆ ಶುರುವಾಯಿತು. ಅವಳು ಹಲಗೆಯ ಮೇಲೆ ಒಂದೊಂದು ಗೇಣು ಜಾಗವನ್ನೂ ಅಂಗೈಯಿಂದ ಒತ್ತಿ ನೋಡುತ್ತಿದ್ದಳು. ಸ್ವಲ್ಪ ದೂರ ಹೋದ ಮೇಲೆ ಬೇರೆ ದನಿಯಲ್ಲಿ ಕೇಳಿದಳು: “ನಿಮ್ಮ ಮಾವನ್ನ ಕರ್ಕೊಂಡು ಹೋದ ದಿನ ಈ ಗುಂಡಿಗಳಲ್ಲೇ ಹೋದ್ರಾ?”

“ಇಲ್ಲ ಅತ್ತೆ. ಸುತ್ತಿಕೊಂಡು ಕಾಲುವೆ ಪಕ್ಕದ ದಾರೀಲಿ ಹೋದೆ. ಎರಡು ಕಿಲೋಮೀಟರ್ ಜಾಸ್ತಿ. ಅವರಿಗೆ ಸೊಂಟ ನೋವಿತ್ತಲ್ಲ.”

ನಾಲ್ಕು ಗುಂಡಿ ದಾಟಿದವು.

“ಸತ್ತೋರಿಗೆ ಎಂಥ ಸೊಂಟ ನೋವು,” ಎಂದಳು ಅತ್ತೆ. ಇನ್ನೂ ಒಂದು ಗುಂಡಿ ದಾಟಿದ ಮೇಲೆ, “ಒಳ್ಳೇದು ಮಾಡಿದ್ರಿ,” ಎಂದಳು.

ಮುಖ್ಯರಸ್ತೆಯ ಸಿಗ್ನಲ್ ಕೆಂಪಾಗಿತ್ತು. ಹಿಂದೆ ಒಂದು ಸಿಟಿ ಬಸ್ಸು, ಪಕ್ಕದಲ್ಲಿ ಟೋಪಿ ಹಾಕಿಕೊಂಡು ಸೈಕಲ್ ತುಳಿಯುತ್ತಿದ್ದ ಒಬ್ಬ ಮುದುಕ. ಗಾಜಿನೊಳಗೆ ಪೆಟ್ಟಿಗೆಯೂ ಇಲ್ಲದೆ ಮಲಗಿದ್ದ ಹೆಂಗಸನ್ನು ಕಂಡು, ಬಡವರಿರಬೇಕೆಂದು ಮರುಗಿ ಮುದುಕ ಟೋಪಿ ತೆಗೆದ. ಮೆಲ್ಲಗೆ ಬ್ರೇಕ್ ಒತ್ತಿದ. ಅದೇ ಹೊತ್ತಿಗೆ ಅತ್ತೆ ಎಡಕ್ಕೆ ಹೊರಳಿ ಭುಜದ ಭಾರವನ್ನೆಲ್ಲ ಹಲಗೆಯ ಅಂಚಿಗೆ ಹಾಕಿದಳು. ಟಕ್. ಬಾಗಿಲು ಮೇಲೆದ್ದಿತು, ಕೈಯಲ್ಲಿದ್ದ ಬಲ್ಬು ಹೊತ್ತಿತು, ಅತ್ತೆ ಬಸ್ಸಿನ ಎದುರಿಗೆ ನೆಟ್ಟಗೆ ಎದ್ದು ಕುಳಿತು ಬೆರಳೆತ್ತಿದಳು.

“ಸಿಕ್ತು. ಇನ್ನೊಂದ್ಸಲ ಒತ್ತಿ. ಎಡ ಇಂಡಿಕೇಟರೂ ಹಾಕಿ.”

ಮುದುಕ ಸೈಕಲ್ ಅಲ್ಲೇ ಬಿಟ್ಟು ಫುಟ್‌ಪಾತಿನ ಮೇಲಿದ್ದ. ಟೋಪಿ ಎಲ್ಲಿ ಬಿತ್ತೋ ಅವನಿಗೂ ಗೊತ್ತಿಲ್ಲ. ಬಸ್ಸಿನೊಳಗೆ ಮುಂದಿನ ಸೀಟಿನವರು ಹಿಂದಿನ ಸೀಟಿಗೆ ಹೋದರು, ಹಿಂದಿನವರು ನೋಡಲು ಮುಂದೆ ಬಂದರು. ಸಿಗ್ನಲ್ ಹಸಿರಾದರೂ ಯಾವ ಗಾಡಿಯೂ ಹೊರಡಲಿಲ್ಲ. ಟ್ರಾಫಿಕ್ ಪೊಲೀಸಿನವನು ಬಂದು ಮೊದಲು ಅತ್ತೆಯನ್ನು, ಆಮೇಲೆ ಮೆಲ್ಲಗೆಯನ್ನು ನೋಡಿದ. ಯಾರನ್ನು ಕೇಳಬೇಕೆಂದು ತೀರ್ಮಾನಿಸಲು ಅವನಿಗೆ ಹೊತ್ತು ಹಿಡಿಯಿತು.

“ಅಮ್ಮಾ, ಜೀವ ಇರೋರು ಇದ್ರಲ್ಲಿ ಹೋಗೋ ಹಾಗಿಲ್ಲ.”

“ಹಾಗಂತ ಯಾವ ಪುಸ್ತಕದಲ್ಲಿದೆ?”

ಅವನು ಯೋಚಿಸಿದ. ಯಾವ ಪುಸ್ತಕದಲ್ಲೂ ಇರಲಿಲ್ಲ. “ಹಿಂದೆ ಸೀಟಿಲ್ಲ,” ಎಂದ ಕೊನೆಗೆ.

“ಮಲಗೋಕೆ ಸೀಟು ಯಾಕೆ? ನಾನು ಕೆಲಸದ ಮೇಲಿದೀನಿ. ಬೆಲ್ಟು ಕಟ್ಟಿದೀನಿ, ನೋಡಿ. ಬಾಗಿಲು ಹಾಕಿ ಸ್ವಲ್ಪ, ನಂಗೆ ಎದ್ದೇಳೋಕಾಗಲ್ಲ.”

ಪೊಲೀಸಿನವನು ಬಾಗಿಲು ಹಾಕಿದ. ಅಭ್ಯಾಸಬಲ, ಕರಿ ಕಾರು ಹೊರಟಾಗ ಅವನ ಕೈ ತಾನಾಗಿ ಸಲ್ಯೂಟಿಗೆ ಹೋಯಿತು.

ಸರ್ವಿಸ್ ಸೆಂಟರಿನ ಅಂಗಳದಲ್ಲಿ ಕಾರು ನಿಂತಾಗ ಟೈ ಮನುಷ್ಯ ಪರದೆ ಹಿಡಿದೇ ಬಂದ. ಅತ್ತೆ ಇಳಿದು ಸೀರೆ ಕೊಡವಿಕೊಂಡು ಇಷ್ಟೇ ಹೇಳಿದಳು: “ಹಲಗೆಯ ಎಡ ಅಂಚಿನ ಎರಡನೇ ಸ್ಕ್ರೂ ಕೆಳಗೆ ಬ್ರೇಕಿನ ವೈರಿಗೂ ಬಾಗಿಲಿನ ವೈರಿಗೂ ನೀವು ಮದುವೆ ಮಾಡಿಸಿದೀರಿ. ಅದರ ಪಕ್ಕದ ಸ್ಕ್ರೂ ಕೆಳಗೆ ಇಂಡಿಕೇಟರಿಗೂ ದೀಪಕ್ಕೂ. ಬಿಚ್ಚಿ.”

“ಕಂಪ್ಯೂಟರಲ್ಲಿ ಏನೂ ಬರ್ತಿಲ್ಲ ಅಮ್ಮಾ. ನೀವು ಒಳಗೆ ಮಲಗಿದ್ದಾಗ ಬೀಗಕ್ಕೆ ಕೈ ತಾಗಿರಬಹುದು.”

ಅಳಿಯನಿಗೂ ಇದೇ ಮಾತು ಹೇಳಿದ್ದನಲ್ಲ ಎಂದು ಅತ್ತೆಗೆ ನೆನಪಾಯಿತು. ಅವಳು ಕನ್ನಡಕ ಏರಿಸಿ ಅವನನ್ನು ಅಡಿಯಿಂದ ಮುಡಿಯವರೆಗೆ ಅಳೆದಳು. ಒಳ್ಳೆಯ ತೂಕದ ಆಳು.

“ನೀವು ಮಲಗಿ.”

“ನಾನಾ?”

“ನಿಮ್ಮ ಕೈ ಎಲ್ಲೂ ಹೋಗಲ್ಲ ಅಲ್ವಾ. ಎದೆ ಮೇಲೆ ಇಟ್ಕೊಳ್ಳಿ.”

ಕಾಯುವ ಕೋಣೆಯಲ್ಲಿ ಕಾಫಿ ಕುಡಿಯುತ್ತಿದ್ದ ಗಿರಾಕಿಗಳು ಕಪ್ಪು ಹಿಡಿದೇ ಗಾಜಿನ ಹತ್ತಿರ ಬಂದಿದ್ದರು. ಅಷ್ಟು ಜನರೆದುರು ಆಗಲ್ಲ ಅಂದರೆ ಒಪ್ಪಿಕೊಂಡ ಹಾಗೆ. ಟೈ ಮನುಷ್ಯ ಶೂ ಬಿಚ್ಚಿ ಒಳಗೆ ತೂರಿ ಮಲಗಿದ. ಹಲಗೆ ಕಿರ್ ಎಂದಿತು. ಮಲಗಿದೊಡನೆ ಯಾರೂ ಹೇಳದೆಯೇ ಅವನ ಕಣ್ಣು ಮುಚ್ಚಿಕೊಂಡವು. ಆ ಜಾಗದ ಗುಣವೇ ಹಾಗೆ. ಅತ್ತೆ ಬಾಗಿಲು ಹಾಕಿದಳು. ಮೆಲ್ಲಗೆ ಎಡಗಡೆಯ ಇಂಡಿಕೇಟರ್ ಹಾಕಿದ. ಮಲಗಿದವನ ಮೇಲೆ ದೀಪಗಳು ಟಿಕ್ ಟಿಕ್ ಎಂದು ಕುಣಿದವು. ಅದೇ ಗಳಿಗೆಯಲ್ಲಿ ಅವನ ಜೇಬಿನ ಫೋನು ಬಡಿದುಕೊಂಡಿತು. ಗಾಬರಿಗೆ ತೆಗೆದು, “ಈಗ ಮಾತಾಡೋ ಸ್ಥಿತೀಲಿಲ್ಲ,” ಎಂದ. ಮೆಲ್ಲಗೆ ಬ್ರೇಕ್ ಒತ್ತಿದ. ಬಾಗಿಲು ವಿನಯದಿಂದ ಎದ್ದು, ಕಾಲುಚೀಲ ಹಾಕಿದ ಎರಡು ಪಾದಗಳನ್ನು ಗಿರಾಕಿಗಳಿಗೆ ತೋರಿಸಿತು. ಒಂದರ ಹೆಬ್ಬೆರಳು ಹೊರಗಿತ್ತು.

ಗಾಜಿನ ಆಚೆ ಯಾರೋ ಚಪ್ಪಾಳೆ ತಟ್ಟಿದರು.

ಆಗ ಹಿಂದಿನ ಸಾಲಿನಲ್ಲಿ ಎಣ್ಣೆಬಟ್ಟೆಯಲ್ಲಿ ಕೈ ಒರೆಸಿಕೊಳ್ಳುತ್ತಿದ್ದ ಹಿರಿಯ ಮೆಕ್ಯಾನಿಕ್ ಮುಂದೆ ಬಂದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಳ್ಳುವ ಜಾತಿಯವನಲ್ಲ, ಸೀದಾ ಬಾಯಿಬಿಟ್ಟ. “ನನ್ನ ಕೆಲಸ ಅದು. ಬಿಚ್ಚುವಾಗ ಎರಡು ಸ್ಕ್ರೂ ಚರಂಡಿಗೆ ಉರುಳಿ ಹೋದ್ವು. ಜೇಬಲ್ಲಿ ಬೇರೆ ಎರಡಿದ್ವು. ಸ್ವಲ್ಪ ಉದ್ದ ಇರಬಹುದು ಅನ್ನಿಸ್ತು. ಹಾಕಿಬಿಟ್ಟೆ.”

ಹಲಗೆ ಬಿಚ್ಚಿದರು. ಅಡಿಯಲ್ಲಿ ಕರಿ ಪಟ್ಟಿ ಸುತ್ತಿದ ವೈರುಗಳ ಕಟ್ಟು. ಅದರ ಮೈಮೇಲೆ ಇರುವೆ ಕಡಿದಂಥ ಎರಡು ತೂತು. ಸ್ಕ್ರೂಗಳು ಕಿರುಬೆರಳಷ್ಟು ಉದ್ದವಿದ್ದವು. ಖಾಲಿ ಇದ್ದಾಗ ತುದಿ ವೈರಿನ ಮೇಲೆ ಸುಮ್ಮನೆ ಕೂತಿರುತ್ತಿತ್ತು. ಭಾರ ಬಿದ್ದು ಹಲಗೆ ಬಗ್ಗಿದಾಗ ಒಳಗೆ ಇಳಿದು ಎರಡು ತಾಮ್ರಗಳನ್ನು ಮುಟ್ಟಿಸುತ್ತಿತ್ತು.

ಮೆಲ್ಲಗೆ ಒಂದು ಸ್ಕ್ರೂವನ್ನು ಎತ್ತಿ ಅಂಗೈಯಲ್ಲಿಟ್ಟುಕೊಂಡ. ಹಿಂದಿನ ದಿನದಿಂದ ಅವನು ಅನುಮಾನಿಸುತ್ತಿದ್ದ ಕೈ ಅದೇ. ಬೈಯಬೇಕೆಂದು ದಾರಿಯುದ್ದಕ್ಕೂ ಜೋಡಿಸಿಟ್ಟುಕೊಂಡಿದ್ದ ಮಾತುಗಳು ಒಂದೂ ನೆನಪಿಗೆ ಬರಲಿಲ್ಲ. “ಮೇಷ್ಟ್ರ ಹೆಂಡ್ತಿಗೆ ಹೋಗಿ ಹೇಳಿ,” ಎಂದ ಟೈ ಮನುಷ್ಯನಿಗೆ. “ಅಜ್ಜಿ ಮನೆಯವರಿಗೂ. ನೀವೇ ಹೋಗಬೇಕು, ಫೋನಲ್ಲಿ ಅಲ್ಲ.” ಹತ್ತೊಂಬತ್ತು ವರ್ಷದಲ್ಲಿ ಅವನು ದನಿ ಏರಿಸಿ ಆಡಿದ ಮಾತು ಬಹುಶಃ ಅದೊಂದೇ, ಏರಿಸಿದ್ದೂ ಇಷ್ಟೇ ಇಷ್ಟು. ಟೈ ಮನುಷ್ಯ ಶೂ ಹುಡುಕುತ್ತಾ ತಲೆಯಾಡಿಸಿದ. ಸಂಜೆಯೊಳಗೆ ಎರಡೂ ಮನೆಗೆ ಹೋಗಿಬಂದ ಎಂಬುದನ್ನು ಹೇಳಲೇಬೇಕು. ಮೇಷ್ಟ್ರ ಹೆಂಡತಿ ಅವನನ್ನು ಕೂರಿಸಿ, ಬಾಗಿಲು ತೆಗೆದದ್ದು ವೈರಿನಿಂದಲೇ ಎಂದು ಅವನು ಎಷ್ಟು ವಿವರಿಸಿದರೂ ಒಪ್ಪಲಿಲ್ಲವಂತೆ. “ನಿಮಗೆ ಅವರು ಗೊತ್ತಿಲ್ಲ,” ಎಂದರಂತೆ.

ಅತ್ತೆ ಅಷ್ಟರಲ್ಲಿ ನೆಲದ ಮೇಲೆ ಕಾರ್ಡ್‌ಬೋರ್ಡ್ ಹಾಕಿಕೊಂಡು ಕುಳಿತು, ಮೆಕ್ಯಾನಿಕ್ಕಿಗೆ ವೈರು ಹಿಡಿಯಲು ಹೇಳಿ, ಗಾಯವಾದ ಪ್ರತಿಯೊಂದು ವೈರಿಗೂ ಬೇರೆ ಬೇರೆ ಟೇಪು ಸುತ್ತುತ್ತಿದ್ದಳು. “ಒಟ್ಟಿಗೆ ಸುತ್ತಬಾರದು. ಜಗಳ ಆಡಿದೋರನ್ನ ಒಂದೇ ಕಂಬಳೀಲಿ ಮಲಗಿಸ್ತಾರಾ? ಎಳೆದು ಸುತ್ತಿ. ಹಾಂ. ಎಷ್ಟು ವರ್ಷ ಆಯ್ತು ಈ ಕೆಲಸಕ್ಕೆ?”

“ಇಪ್ಪತ್ತಾರು.”

“ಇಪ್ಪತ್ತಾರು ವರ್ಷ ಆಗಿ, ತಪ್ಪು ನಂದೇ ಅಂತ ನಾಲ್ಕು ಜನರ ಮುಂದೆ ಹೇಳೋನನ್ನ ಇವತ್ತೇ ನೋಡಿದ್ದು. ನಮ್ಮ ಎಕ್ಸ್‌ಚೇಂಜಲ್ಲಿ ತಪ್ಪೆಲ್ಲ ಮಳೇದು, ಬೆಕ್ಕಿಂದು.” ಮೆಕ್ಯಾನಿಕ್ ನಕ್ಕ. ಆಮೇಲೆ ತಲೆ ತುರಿಸಿಕೊಂಡು, ಒಳಗೆ ಇನ್ನೊಂದು ಕಾರಿದೆ, ರೇಡಿಯೋ ಹಾಕಿದರೆ ಒಂದು ಹೆಡ್‌ಲೈಟ್ ಮಂಕಾಗುತ್ತದೆ, ನಾಲ್ಕು ದಿನದಿಂದ ಸಿಕ್ಕಿಲ್ಲ ಎಂದ. ಅತ್ತೆಯ ಕಿವಿ ನಿಮಿರಿತು. ಮೆಲ್ಲಗೆ ಮನೆಗೆ ಹೊರಟಾಗ ಅವಳು ಆ ಕಾರಿನ ಬಾನೆಟ್ಟಿನೊಳಗೆ ಅರ್ಧ ಹೋಗಿದ್ದಳು. ಊಟಕ್ಕೆ ಕಾಯಬೇಡಿ ಎಂಬ ಮಾತು ಇಂಜಿನ್ನಿನೊಳಗಿಂದ ಬಂತು.

ಶುಕ್ರವಾರ ಜಡ್ಜ್ ಸಾಹೇಬರಿಗೆ ನಿರೀಕ್ಷೆಗಿಂತ ಮೂರು ಪಟ್ಟು ಜನ ಸೇರಿದ್ದರು. ಅವರಲ್ಲಿ ಅರ್ಧ ಜನ ಸಾಹೇಬರನ್ನು ನೋಡಲು ಬಂದವರು, ಉಳಿದರ್ಧ ಹಿಂಬಾಗಿಲನ್ನು. ಎಡ ತಿರುವಿನಲ್ಲಿ ದೀಪಗಳು ಕದಲಲಿಲ್ಲ. ಗೇಟಿನ ಹತ್ತಿರ ಎಲ್ಲರೂ ಉಸಿರು ಹಿಡಿದರು. ಮೆಲ್ಲಗೆ ಬ್ರೇಕ್ ಒತ್ತಿದ. ಕಾರು ಬೆಣ್ಣೆಯ ಮೇಲೆ ನಿಂತ ಹಾಗೆ ನಿಂತಿತು. ಬಾಗಿಲು ಮುಚ್ಚಿಯೇ ಇತ್ತು. ಅವನೇ ಇಳಿದು ಹಿಂದೆ ಹೋಗಿ, ಕೈಯಿಂದ ತೆಗೆದ. ಗುಂಪಿನಲ್ಲೊಂದು ಸಣ್ಣ ನಿರಾಸೆಯ ಅಲೆ ಎದ್ದು ಅಡಗಿತು. ಅಷ್ಟು ಗಾಂಭೀರ್ಯದಿಂದ ಅವನ ಕೆಲಸ ಎಂದೂ ನಡೆದಿರಲಿಲ್ಲ, ಅಷ್ಟು ಜನರಿಗೆ ಆ ಗಾಂಭೀರ್ಯ ಎಂದೂ ಬೇಡವಾಗಿರಲೂ ಇಲ್ಲ.

ಆಮೇಲಿನ ತೊಂದರೆ ಶುರುವಾದದ್ದು ಮನೆಯಲ್ಲಿ. ಮೆಕ್ಯಾನಿಕ್ ಅತ್ತೆಗೆ ಫೋನು ಮಾಡತೊಡಗಿದ. ಅವನಿಂದ ಕೇಳಿ ಬೇರೆ ಮೆಕ್ಯಾನಿಕ್ಕುಗಳು ಮಾಡಿದರು. ಅವರಿಂದ ಕೇಳಿ ಕಾರಿನ ಯಜಮಾನರೇ ಮಾಡಿದರು. ಅತ್ತೆ ಫೋನಿನ ಪಕ್ಕದ ಕುರ್ಚಿ ಹಿಡಿದವಳು ಬಿಡಲಿಲ್ಲ. ಮಗಳು ಗೊಣಗಿದಳು: ಜನ ಸಾಯ್ತಾ ಇದಾರೆ, ಲೈನ್ ಎಂಗೇಜ್ ಬರುತ್ತಂತೆ. “ಅವರಿಗೇನು ಅವಸರ,” ಎಂದಳು ತಾಯಿ. ಕೊನೆಗೆ ಮೆಲ್ಲಗೆಯೇ ಹೋಗಿ ಅತ್ತೆಗೆಂದು ಇನ್ನೊಂದು ಫೋನು ಹಾಕಿಸಿದ. ಅದನ್ನು ತಂದುಕೊಟ್ಟವನನ್ನು ಅವಳು ಕೂರಿಸಿ, ಪಕ್ಕಕ್ಕೊಂದು ಕುರ್ಚಿ ಎಳೆದಳು. ಅಂದಿನಿಂದ ಕೆಲಸವಿಲ್ಲದ ಮಧ್ಯಾಹ್ನಗಳಲ್ಲಿ ಅವನು ಅಲ್ಲಿ ಕುಳಿತು, ಅವಳು ಹೇಳಿದ್ದನ್ನು ಲಕೋಟೆಗಳ ಹಿಂದೆ ಬರೆದುಕೊಳ್ಳುತ್ತಾನೆ. ಅವನ ಅಕ್ಷರ ಕೆಟ್ಟದ್ದೆಂದು ಅವಳು ದಿನಾ ಬೈಯುತ್ತಾಳೆ.

ಮೊನ್ನೆ ಒಬ್ಬ ಹೆಂಗಸಿನ ಕರೆ ಬಂತು. ಸರ್ವಿಸ್ ಆದ ವಾರದಿಂದ ಅವರ ಕಾರಿನ ಬ್ಯಾಟರಿ ದಿನಾ ಬೆಳಿಗ್ಗೆ ಸತ್ತಿರುತ್ತದಂತೆ. ಎರಡು ಬ್ಯಾಟರಿ ಬದಲಿಸಿದ್ದಾರೆ, ವೈರುಗಳನ್ನೆಲ್ಲ ಅಳೆದಿದ್ದಾರೆ, ಎಲ್ಲೂ ಸೋರಿಕೆ ಇಲ್ಲ. ಅತ್ತೆ ಕಣ್ಣು ಮುಚ್ಚಿ ಕೇಳಿದಳು. ಸರ್ವಿಸಿನಲ್ಲಿ ಹೊಸದೇನು ಹಾಕಿಸಿದಿರಿ? ಹೊಸ ಸ್ಪೀಕರು. ಮನೆಯಲ್ಲಿ ಯಾರ್‍ಯಾರು ಇದೀರಿ? ನಾನು, ನಮ್ಮ ಯಜಮಾನರು, ನನ್ನ ಇಬ್ಬರು ಅಕ್ಕಂದಿರು. ಅಕ್ಕಂದಿರು ಬಂದು ಎಷ್ಟು ದಿನವಾಯಿತು? ಒಂದು ವಾರ.

“ಕಾರಲ್ಲಿ ದೋಷ ಇಲ್ಲಮ್ಮ,” ಎಂದಳು ಅತ್ತೆ. “ರಾತ್ರಿ ಊಟ ಆದ್ಮೇಲೆ ನಿಮ್ಮ ಯಜಮಾನ್ರು ಹಾಡು ಕೇಳೋಕೆ ಎಲ್ಲಿ ಹೋಗಿ ಕೂತ್ಕೋತಾರೆ, ಅದನ್ನ ನೋಡಿ.”

ಆ ಕಡೆಯಿಂದ, “ರೀ, ಸ್ವಲ್ಪ ಇಲ್ಲಿ ಬನ್ನಿ,” ಎಂಬ ದನಿ ಕೇಳಿಸಿತು. ಅತ್ತೆ ಮೆಲ್ಲಗೆಯ ಕಡೆ ತಿರುಗಿ, ಬರೆದುಕೊಳ್ಳಿ ಎಂದು ಸನ್ನೆ ಮಾಡಿದಳು.